ಸದ್ದು ಮಾಡುವ ಫ್ಯಾನ್ ಏನು ಹೇಳುತ್ತದೆ?



ತಲೆ ಎತ್ತಿ ನಿಮ್ಮ ತರಗತಿಯ ಫ್ಯಾನನ್ನು ಒಮ್ಮೆ ನೋಡಿ. ಅದು ಸದ್ದಿಲ್ಲದೆ ತಿರುಗುತ್ತಿದೆಯೇ? ಅಥವಾ ‘ಟಕ್ ಟಕ್’, ‘ಕಿರ್ ಕಿರ್’, ‘ಗುಂಯ್’ ಎಂದು ಏನಾದರೂ ಸದ್ದು ಮಾಡುತ್ತಿದೆಯೇ? ಸದ್ದು ಮಾಡುವ ಫ್ಯಾನನ್ನು ನಾವು ಮೊದಲು ಬೈಯುತ್ತೇವೆ. ಕೆಲವು ದಿನ ಕಳೆದರೆ ಆ ಸದ್ದಿಗೆ ಹೊಂದಿಕೊಂಡುಬಿಡುತ್ತೇವೆ. ಆದರೆ ವೈದ್ಯರು ಸ್ಟೆತಾಸ್ಕೋಪಿನಿಂದ ಎದೆಯ ಸದ್ದು ಕೇಳಿ ರೋಗವನ್ನು ಗುರುತಿಸುತ್ತಾರಲ್ಲವೇ? ಹಾಗೆಯೇ ಫ್ಯಾನಿನ ಸದ್ದು ಕೇಳಿ ಅದರ ತೊಂದರೆಯನ್ನೂ ಗುರುತಿಸಬಹುದು. ಅದಕ್ಕೆ ಏಣಿ ಬೇಡ, ಸ್ಕ್ರೂಡ್ರೈವರ್ ಬೇಡ. ಕಣ್ಣು, ಕಿವಿ ಮತ್ತು ಒಂದು ಗಡಿಯಾರ ಸಾಕು.

ಸೆಕೆಯೋ, ಪಾಠವೋ?

ಒಮ್ಮೆ ಮಾರ್ಚ್ ತಿಂಗಳಿನಲ್ಲಿ ರಾಯಚೂರು ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಏಳನೇ ತರಗತಿಯ ಕೋಣೆಯಲ್ಲಿ ವಿದ್ಯುತ್ ಇದ್ದರೂ ಫ್ಯಾನ್ ನಿಂತಿತ್ತು. ಮಕ್ಕಳೆಲ್ಲ ನೋಟ್ ಪುಸ್ತಕಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. “ಫ್ಯಾನ್ ಯಾಕೆ ಹಾಕಿಲ್ಲ?” ಎಂದು ಕೇಳಿದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಫ್ಯಾನ್ ಹಾಕಿದ್ರ ಟೀಚರ್ ಹೇಳೋದು ಕೇಳಂಗಿಲ್ರಿ. ಬಂದ್ ಮಾಡಿದ್ರ ಸೆಕಿ ತಡಿಯಾಕಾಗಂಗಿಲ್ರಿ” ಎಂದಳು.

“ಹಾಂಗಿದ್ರ ಫ್ಯಾನಿಗೇ ಕೇಳೋಣ, ಏನಾಗ್ಯಾದ ಅಂತ” ಎಂದೆ. ಮಕ್ಕಳು ನಕ್ಕರು. ಆದರೆ ಅಂದು ನಾವು ಮಾಡಿದ್ದು ಅದನ್ನೇ.

ಮೊದಲ ಪರೀಕ್ಷೆ: ಸ್ವಿಚ್ ಆರಿಸಿ ಕೇಳಿ

ಫ್ಯಾನನ್ನು ಪೂರ್ಣ ವೇಗದಲ್ಲಿ ತಿರುಗಲು ಬಿಟ್ಟೆವು. ‘ಟಕ್ ಟಕ್ ಟಕ್’ ಸದ್ದು ಜೋರಾಗಿ ಕೇಳತೊಡಗಿತು. ಈಗ ಸ್ವಿಚ್ ಆರಿಸಿದೆವು. ಸ್ವಿಚ್ ಆರಿಸಿದ ಕೂಡಲೇ ಫ್ಯಾನ್ ನಿಲ್ಲುವುದಿಲ್ಲ. ಜಡತ್ವದಿಂದಾಗಿ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ವಿದ್ಯುತ್ ಹರಿಯುತ್ತಿರುವುದಿಲ್ಲ. ಆಗ ಸದ್ದು ಏನಾಗುತ್ತದೆ ಎಂಬುದನ್ನು ಗಮನವಿಟ್ಟು ಕೇಳಬೇಕು.

ಸ್ವಿಚ್ ಆರಿಸಿದ ಕ್ಷಣದಲ್ಲೇ ಸದ್ದು ನಿಂತರೆ, ಅದು ವಿದ್ಯುತ್ತಿನಿಂದ ಉಂಟಾದ ಸದ್ದು. ಫ್ಯಾನ್ ತಿರುಗುತ್ತಿರುವಷ್ಟು ಹೊತ್ತೂ ಸದ್ದು ಮುಂದುವರಿದರೆ, ಅದು ಚಲನೆಯಿಂದ ಉಂಟಾದ ಸದ್ದು. ಎಂದರೆ ಯಾವುದೋ ಭಾಗ ಸಡಿಲವಾಗಿದೆ, ಸವೆದಿದೆ ಅಥವಾ ಬಾಗಿದೆ.

ಆ ತರಗತಿಯ ಫ್ಯಾನ್ ನಿಲ್ಲುವವರೆಗೂ ‘ಟಕ್ ಟಕ್’ ಎನ್ನುತ್ತಲೇ ಇತ್ತು. “ಸರ್, ಇದು ಕರೆಂಟಿನ ಸದ್ದಲ್ರಿ” ಎಂದು ಮಕ್ಕಳೇ ತೀರ್ಮಾನಿಸಿದರು.

ಎರಡನೆಯ ಪರೀಕ್ಷೆ: ಎಣಿಸಿ ನೋಡಿ

ರೆಗ್ಯುಲೇಟರನ್ನು ಅತಿ ಕಡಿಮೆ ವೇಗಕ್ಕೆ ಇಟ್ಟೆವು. ಒಂದು ರೆಕ್ಕೆಯ ಮೇಲೆ ಸುಣ್ಣದ ದೊಡ್ಡ ಕಲೆ ಇತ್ತು. ಅದರಿಂದ ನಮಗೆ ಅನುಕೂಲವೇ ಆಯಿತು. ಅರ್ಧ ತರಗತಿ ಆ ಕಲೆ ಎಷ್ಟು ಸುತ್ತು ಬಂತೆಂದು ಎಣಿಸಿತು. ಉಳಿದರ್ಧ ತರಗತಿ ಕಣ್ಣು ಮುಚ್ಚಿ ‘ಟಕ್’ ಸದ್ದನ್ನು ಎಣಿಸಿತು. 15 ಸೆಕೆಂಡುಗಳಲ್ಲಿ 28 ಸುತ್ತು, 28 ಟಕ್!

ಎರಡೂ ಸಂಖ್ಯೆ ಒಂದೇ ಆದದ್ದು ಆಕಸ್ಮಿಕವಲ್ಲ. ಸುತ್ತಿಗೊಮ್ಮೆ ಸದ್ದು ಬರುತ್ತಿದೆ ಎಂದರೆ ತಿರುಗುವ ಭಾಗದಲ್ಲೇ ಏನೋ ಸರಿಯಿಲ್ಲ ಎಂದರ್ಥ. ಕೆಳಗೆ ನಿಂತು ನೋಡಿದಾಗ ಫ್ಯಾನಿನ ರಾಡು ಸಹ ಗಡಿಯಾರದ ಲೋಲಕದಂತೆ ಸ್ವಲ್ಪ ಓಲಾಡುತ್ತಿತ್ತು.

ಮಕ್ಕಳು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಖ್ಯ ಗುರುಗಳಿಗೆ ಕೊಟ್ಟರು. ಅಂದಿನಿಂದ ಆ ಫ್ಯಾನ್ ಹಾಕಲಿಲ್ಲ. ಎರಡು ದಿನಗಳ ನಂತರ ಎಲೆಕ್ಟ್ರಿಷಿಯನ್ ಬಂದರು. ಅವರು ಏನು ಕಂಡರು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಫ್ಯಾನ್ ಓಲಾಡುವುದೇಕೆ ಎಂಬುದನ್ನು ನೀವೇ ಒಂದು ಬುಗುರಿ ಮಾಡಿ ತಿಳಿದುಕೊಳ್ಳಿ.

ಮಾಡಿ ನೋಡಿ: ರಟ್ಟಿನ ಬುಗುರಿ

ಬೇಕಾಗುವ ಸಾಮಗ್ರಿಗಳು: ದಪ್ಪ ರಟ್ಟು, ಕೈವಾರ, ಕತ್ತರಿ, ಚೂಪಾದ ತುದಿಯ ಒಂದು ತುಂಡು ಪೆನ್ಸಿಲ್, ಒದ್ದೆ ಜೇಡಿಮಣ್ಣು.

1. ರಟ್ಟಿನ ಮೇಲೆ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಅಳತೆಯನ್ನು ಬದಲಿಸದೆ ವೃತ್ತದ ಅಂಚಿನಲ್ಲಿ ಒಂದರ ನಂತರ ಒಂದು ಗುರುತು ಹಾಕುತ್ತ ಹೋಗಿ. ಒಟ್ಟು 6 ಗುರುತುಗಳು ಬರುತ್ತವೆ. ಒಂದು ಬಿಟ್ಟು ಒಂದರಂತೆ 3 ಗುರುತುಗಳ ಮೇಲೆ ಚುಕ್ಕೆ ಇಡಿ. ಇವು ಫ್ಯಾನಿನ ಮೂರು ರೆಕ್ಕೆಗಳ ತುದಿಗಳು ಎಂದುಕೊಳ್ಳಿ.

2. ವೃತ್ತವನ್ನು ಕತ್ತರಿಸಿ, ನಡುವೆ ಪೆನ್ಸಿಲನ್ನು ಬಿಗಿಯಾಗಿ ತೂರಿಸಿ. ಚೂಪಾದ ತುದಿ ರಟ್ಟಿನ ಕೆಳಗೆ ಸುಮಾರು 2 ಸೆಂ.ಮೀ. ಇರಲಿ. ಬುಗುರಿ ಸಿದ್ಧವಾಯಿತು. ತಿರುಗಿಸಿ ನೋಡಿ.

3. ಈಗ ಒಂದು ಚುಕ್ಕೆಯ ಮೇಲೆ ಕಡಲೆಕಾಳಿನಷ್ಟು ಜೇಡಿಮಣ್ಣು ಅಂಟಿಸಿ ತಿರುಗಿಸಿ. ಏನಾಯಿತು?

4. ಉಳಿದ ಎರಡು ಚುಕ್ಕೆಗಳ ಮೇಲೂ ಅಷ್ಟೇ ಮಣ್ಣು ಅಂಟಿಸಿ ಮತ್ತೆ ತಿರುಗಿಸಿ. ಈಗ ಏನಾಯಿತು?

ಒಂದೇ ಕಡೆ ಮಣ್ಣು ಇದ್ದಾಗ ಬುಗುರಿ ಓಲಾಡಿ ಬೇಗ ಬಿದ್ದಿತು. ಮೂರೂ ಕಡೆ ಸಮನಾಗಿ ಮಣ್ಣು ಇದ್ದಾಗ ಬುಗುರಿಯ ತೂಕ ಹೆಚ್ಚಿದ್ದರೂ ಅದು ಮತ್ತೆ ನೆಟ್ಟಗೆ ತಿರುಗಿತು. ಆದ್ದರಿಂದ ತೂಕ ಇರುವುದು ತಪ್ಪಲ್ಲ. ತೂಕ ನಡುವಿನ ಸುತ್ತ ಸಮನಾಗಿ ಹಂಚಿಕೆಯಾಗದಿರುವುದು ತಪ್ಪು. ಇದನ್ನೇ ಸಮತೋಲನ ತಪ್ಪುವುದು ಎನ್ನುತ್ತೇವೆ.

ಹತ್ತು ಗ್ರಾಂ ಎಷ್ಟು ಎಳೆಯುತ್ತದೆ?

ಶಾಲೆ ಮತ್ತು ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾನಿನ ಅಳತೆ 1200 ಮಿ.ಮೀ. ಇದು ರೆಕ್ಕೆಗಳ ತುದಿಗಳು ಸುತ್ತುವ ವೃತ್ತದ ವ್ಯಾಸ. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 350 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ವೃತ್ತದ ಪರಿಧಿ ಸುಮಾರು 3.77 ಮೀಟರ್. ಹಾಗಾದರೆ ರೆಕ್ಕೆಯ ತುದಿ ಒಂದು ನಿಮಿಷದಲ್ಲಿ ಸುಮಾರು 1320 ಮೀಟರ್ ದೂರ ಸಾಗುತ್ತದೆ. ಎಂದರೆ ಅದರ ವೇಗ ಗಂಟೆಗೆ ಸುಮಾರು 79 ಕಿ.ಮೀ.! ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ ಇದು.

ಕಲ್ಲನ್ನು ದಾರಕ್ಕೆ ಕಟ್ಟಿ ತಿರುಗಿಸಿದರೆ ಕೈಯನ್ನು ಅದು ಹೊರಗೆ ಎಳೆದಂತೆ ಅನಿಸುತ್ತದೆ. ಹಾಗೆಯೇ ಒಂದು ರೆಕ್ಕೆಯ ತುದಿಯಲ್ಲಿ ಕೇವಲ 10 ಗ್ರಾಂ ತೂಕ ಹೆಚ್ಚಾಗಿದ್ದರೆ, ಈ ವೇಗದಲ್ಲಿ ಅದು ಫ್ಯಾನನ್ನು ಪಕ್ಕಕ್ಕೆ ಎಳೆಯುವ ಬಲ ಸುಮಾರು 800 ಗ್ರಾಂ ತೂಕಕ್ಕೆ ಸಮ. ಪ್ರತಿ ಸುತ್ತಿಗೂ ಆ ಎಳೆತದ ದಿಕ್ಕು ಒಂದು ಸುತ್ತು ಬರುತ್ತದೆ. ದಿನಕ್ಕೆ 6 ಗಂಟೆ ಫ್ಯಾನ್ ತಿರುಗಿದರೆ ಇಂಥ ಅಲುಗಾಟ ಎಷ್ಟು ಸಲ ಆಯಿತು? 350 × 60 × 6 = 1,26,000 ಸಲ! ದಿನವೂ ಲಕ್ಷಕ್ಕೂ ಹೆಚ್ಚು ಸಲ ಅಲುಗಾಡಿಸಿದರೆ ಯಾವ ನಟ್ಟು ತಾನೇ ಬಿಗಿಯಾಗಿ ಉಳಿದೀತು?

ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ತಿರುಗುವಾಗ ಸುಮ್ಮನಿದ್ದ ಫ್ಯಾನ್ ವೇಗ ಹೆಚ್ಚಿಸಿದಾಗ ಓಲಾಡುವುದು ಇದಕ್ಕಾಗಿಯೇ.

ಏಣಿಯ ಮೇಲಿನಿಂದ ಕಂಡದ್ದು

ಈಗ ಆ ಶಾಲೆಗೆ ಮರಳೋಣ. ಎಲೆಕ್ಟ್ರಿಷಿಯನ್ ಮೊದಲು ಮೇನ್ ಸ್ವಿಚ್ ಆರಿಸಿದರು. ಏಣಿ ಹತ್ತಿ, ಪ್ರತಿ ರೆಕ್ಕೆಯ ತುದಿಯಿಂದ ಛಾವಣಿಗೆ ಎಷ್ಟು ಅಂತರವಿದೆ ಎಂದು ಟೇಪಿನಿಂದ ಅಳೆದರು. ಎರಡು ರೆಕ್ಕೆಗಳದು 41 ಸೆಂ.ಮೀ. ಮೂರನೆಯದು 43 ಸೆಂ.ಮೀ. ಆ ಮೂರನೆಯದೇ ಸುಣ್ಣದ ಕಲೆ ಇದ್ದ ರೆಕ್ಕೆ! ರಜೆಯಲ್ಲಿ ಗೋಡೆಗೆ ಸುಣ್ಣ ಬಳಿಯುವಾಗ ಹಲಗೆಯೊಂದು ಅದಕ್ಕೆ ತಗುಲಿತ್ತಂತೆ. ರೆಕ್ಕೆ ಬಾಗಿದ್ದನ್ನು ಯಾರೂ ಗಮನಿಸಿರಲಿಲ್ಲ.

ಬಳಿಕ ಅವರು ರಾಡಿನ ಮೇಲ್ತುದಿಯಲ್ಲಿರುವ ಬಟ್ಟಲಿನಂಥ ಮುಚ್ಚಳವನ್ನು ಕೆಳಗಿಳಿಸಿದರು. ಒಂದು ಕ್ಷಣ ಮಾತನಾಡಲಿಲ್ಲ. ಆಮೇಲೆ ಮುಖ್ಯ ಗುರುಗಳನ್ನು ಹತ್ತಿರ ಕರೆದು ತೋರಿಸಿದರು.

ಫ್ಯಾನನ್ನು ಛಾವಣಿಯ ಕೊಂಡಿಗೆ ತೂಗುಹಾಕಿರುವುದು ಒಂದು ಬೋಲ್ಟಿನಿಂದ. ಅದರ ತುದಿಗೆ ನಟ್ಟು ಇರುತ್ತದೆ. ನಟ್ಟು ಕಳಚದಂತೆ ಬೋಲ್ಟಿನ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲುಗಳನ್ನು ಅಗಲಿಸಿರುತ್ತಾರೆ. ಈ ಫ್ಯಾನಿನಲ್ಲಿ ಆ ಪಿನ್ನೇ ಇರಲಿಲ್ಲ. ನಟ್ಟು ಅಲುಗಾಡುತ್ತ ಅಲುಗಾಡುತ್ತ ಬಿಚ್ಚಿಕೊಂಡು ಬೋಲ್ಟಿನ ಕೊನೆಯ ಸುತ್ತುಗಳಲ್ಲಿ ನಿಂತಿತ್ತು. ಫ್ಯಾನ್ ಓಲಾಡಿದಾಗಲೆಲ್ಲ ಮುಚ್ಚಳ ಕೊಂಡಿಗೆ ಬಡಿಯುತ್ತಿತ್ತು. ‘ಟಕ್’ ಎಂಬ ಸದ್ದು ಬರುತ್ತಿದ್ದುದು ಅಲ್ಲಿಂದ.

ಆ ಫ್ಯಾನಿನ ನೇರ ಕೆಳಗೆ ಇದ್ದುದು ನಾಲ್ಕು ಮಕ್ಕಳು ಕೂರುವ ಬೆಂಚು.

ಹೊಸ ಬೋಲ್ಟು, ನಟ್ಟು, ಸ್ಪ್ಲಿಟ್ ಪಿನ್ ಹಾಕಿದರು. ಸವೆದುಹೋಗಿದ್ದ ರಬ್ಬರನ್ನೂ ಬದಲಿಸಿದರು. ಬಾಗಿದ ಒಂದು ರೆಕ್ಕೆಯನ್ನಷ್ಟೇ ಅಲ್ಲದೆ ಮೂರನ್ನೂ ಬದಲಿಸಿದರು. ಏಕೆ ಗೊತ್ತೇ? ಒಂದು ಫ್ಯಾನಿನ ರೆಕ್ಕೆಗಳನ್ನು ತೂಕ ಸರಿಹೊಂದುವಂತೆ ಆರಿಸಿ ಜೊತೆ ಮಾಡಿರುತ್ತಾರೆ. ಬೇರೆ ಬೇರೆ ಫ್ಯಾನಿನ ರೆಕ್ಕೆಗಳನ್ನು ಕೂಡಿಸಿದರೆ ಸಮತೋಲನ ಮತ್ತೆ ತಪ್ಪಬಹುದು.

ಅಂದು ಆ ಮಕ್ಕಳು ಸದ್ದು ಮರೆಯಾಗಲಿ ಎಂದು ರೆಗ್ಯುಲೇಟರನ್ನು ಕಡಿಮೆ ಮಾಡಿ ಸುಮ್ಮನೆ ಕೂತಿದ್ದರೆ ಏನಾಗಬಹುದಿತ್ತು? ಯೋಚಿಸಿ.

ಯಾವ ಸದ್ದು, ಯಾವ ತೊಂದರೆ?

ಟಕ್ ಟಕ್, ಜೊತೆಗೆ ಓಲಾಟ: ರೆಕ್ಕೆ ಬಾಗಿದೆ, ರೆಕ್ಕೆಯ ಸ್ಕ್ರೂ ಸಡಿಲವಾಗಿದೆ, ಧೂಳು ಸಮನಾಗಿಲ್ಲ ಅಥವಾ ಮೇಲಿನ ಬೋಲ್ಟು ಸಡಿಲವಾಗಿದೆ. ಫ್ಯಾನನ್ನು ಕೂಡಲೇ ನಿಲ್ಲಿಸಿ ಹಿರಿಯರಿಗೆ ತಿಳಿಸಬೇಕು.

ಕಿಟಿ ಕಿಟಿ, ಓಲಾಟ ಇಲ್ಲ: ರಾಡಿನ ಮೇಲೆ ಅಥವಾ ಕೆಳಗೆ ಇರುವ ಮುಚ್ಚಳದ ಸ್ಕ್ರೂ ಸಡಿಲವಾಗಿ, ಅದು ಅಲುಗಾಡುತ್ತಿರಬಹುದು ಅಥವಾ ತಿರುಗುವ ಭಾಗಕ್ಕೆ ತಾಗುತ್ತಿರಬಹುದು.

ಕಿರ್ ಕಿರ್ ಅಥವಾ ಗರ ಗರ: ಬೇರಿಂಗ್ ಒಣಗಿದೆ ಅಥವಾ ಸವೆದಿದೆ. ಸೈಕಲ್ ಚಕ್ರದ ನಡುವೆ ಇರುವಂತೆ ಫ್ಯಾನಿನ ಬೇರಿಂಗಿನಲ್ಲಿಯೂ ಉಕ್ಕಿನ ಗುಂಡುಗಳು ಇವೆ. ಗುಂಡುಗಳು ಉರುಳುವುದರಿಂದ ಘರ್ಷಣೆ ಕಡಿಮೆಯಾಗುತ್ತದೆ. ಗ್ರೀಸ್ ಒಣಗಿದರೆ ಘರ್ಷಣೆ ಹೆಚ್ಚಿ ಸದ್ದು ಬರುತ್ತದೆ. ಕೆಲವರು ಮೇಲಿನಿಂದ ಎಣ್ಣೆ ಬಿಡುತ್ತಾರೆ. ಅದು ಸರಿಯಲ್ಲ. ಎಣ್ಣೆ ಒಳಗಿನ ತಂತಿಯ ಸುರುಳಿಗೆ ಇಳಿದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇರಿಂಗನ್ನು ಬದಲಿಸುವುದೇ ಸರಿಯಾದ ದಾರಿ.

ಗುಂಯ್: ಸ್ವಿಚ್ ಆರಿಸಿದ ಕೂಡಲೇ ನಿಲ್ಲುವ ಸದ್ದು ಇದು. ಹೆಚ್ಚಾಗಿ ರೆಗ್ಯುಲೇಟರಿನಿಂದ ಬರುತ್ತದೆ. ಇದರ ವಿಷಯ ಮುಂದೆ ನೋಡೋಣ.

ಗುಂಯ್ ಎನ್ನುತ್ತದೆ, ಆದರೆ ತಿರುಗುವುದಿಲ್ಲ: ಕೆಪಾಸಿಟರ್ ಹಾಳಾಗಿರಬಹುದು. ಎಲೆಕ್ಟ್ರಿಷಿಯನ್‌ಗಳು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಫ್ಯಾನಿನ ಮೋಟಾರು ತಾನಾಗಿ ತಿರುಗಲು ಆರಂಭಿಸಬೇಕಾದರೆ ಇದು ಬೇಕು. ಕೆಲವರು ಕೋಲಿನಿಂದ ರೆಕ್ಕೆಯನ್ನು ತಳ್ಳಿ ಫ್ಯಾನ್ ಓಡಿಸುತ್ತಾರೆ. ಹಾಗೆ ಮಾಡಿದರೆ ರೆಕ್ಕೆ ಬಾಗುತ್ತದೆ, ಕೋಲು ಸಿಡಿದು ಗಾಯವೂ ಆಗಬಹುದು. ಹೊಸ ಕೆಪಾಸಿಟರ್ ಹಾಕಿಸುವುದು ಸುಲಭದ ಮತ್ತು ಕಡಿಮೆ ಖರ್ಚಿನ ಕೆಲಸ.

ರೆಗ್ಯುಲೇಟರ್ ವೇಗವನ್ನು ಹೇಗೆ ತಗ್ಗಿಸುತ್ತದೆ?

ದುರಸ್ತಿಯಾದ ಮೇಲೆ ಆ ಫ್ಯಾನ್ ಓಲಾಡಲಿಲ್ಲ. ಆದರೆ ರೆಗ್ಯುಲೇಟರನ್ನು 2ಕ್ಕೆ ಇಟ್ಟಾಗ ಸಣ್ಣಗೆ ‘ಗುಂಯ್’ ಎಂದಿತು. ಈಗ ಮಕ್ಕಳಿಗೆ ಪರೀಕ್ಷೆ ಗೊತ್ತಿತ್ತು. ಸ್ವಿಚ್ ಆರಿಸಿದರು. ಸದ್ದು ಕೂಡಲೇ ನಿಂತಿತು. ಮತ್ತೆ ಹಾಕಿ ಪೂರ್ಣ ವೇಗಕ್ಕೆ ತಿರುಗಿಸಿದರು. ಆಗಲೂ ಸದ್ದು ಇರಲಿಲ್ಲ. “ಹಂಗಾದ್ರ ರೆಗ್ಯುಲೇಟರಿಂದೇ ಸದ್ದು” ಎಂದರು. ಸರಿಯಾದ ಉತ್ತರ!

1824ರಲ್ಲಿ ಫ್ರಾನ್ಸಿನ ವಿಜ್ಞಾನಿ ಅರಾಗೊ ಒಂದು ವಿಚಿತ್ರವನ್ನು ಕಂಡರು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಆದರೂ ತಾಮ್ರದ ತಟ್ಟೆಯನ್ನು ತಿರುಗಿಸಿದಾಗ ಅದರ ಮೇಲೆ ತೂಗುಬಿಟ್ಟ ಕಾಂತಸೂಜಿಯೂ ಜೊತೆಗೆ ತಿರುಗಿತು. ನಡುವೆ ಯಾವ ಹಗ್ಗವೂ ಇರಲಿಲ್ಲ, ಹಲ್ಲಿನ ಚಕ್ರವೂ ಇರಲಿಲ್ಲ. ಫ್ಯಾನಿನ ಮೋಟಾರಿನಲ್ಲಿಯೂ ಇದೇ ತತ್ವವಿದೆ. ಒಳಗೆ ಅಲುಗಾಡದೆ ಕೂತಿರುವ ತಂತಿಯ ಸುರುಳಿಗಳಲ್ಲಿ ವಿದ್ಯುತ್ ಹರಿದಾಗ ತಿರುಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದು ಹೊರಗಿನ ಭಾಗವನ್ನು ರೆಕ್ಕೆಗಳ ಸಮೇತ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ವಿದ್ಯುತ್ತಿನ ಒತ್ತಡ, ಎಂದರೆ ವೋಲ್ಟೇಜ್ ಕಡಿಮೆಯಾದರೆ ಆ ಎಳೆತ ಸಡಿಲವಾಗಿ ಫ್ಯಾನ್ ನಿಧಾನವಾಗುತ್ತದೆ.

ಹೀಗೆ ಎಳೆತವನ್ನು ತಗ್ಗಿಸಲು ಮೂರು ಬಗೆಯ ರೆಗ್ಯುಲೇಟರ್‌ಗಳಿವೆ. ಸೈಕಲ್ಲಿನ ಹೋಲಿಕೆಯಿಂದ ಇವನ್ನು ನೆನಪಿಡಬಹುದು.

1. ಹಳೆಯ ದೊಡ್ಡ ಡಬ್ಬಿಯ ರೆಗ್ಯುಲೇಟರ್: ಇದರೊಳಗೆ ರೋಧಕ ತಂತಿ ಇರುತ್ತದೆ. ವೇಗ ತಗ್ಗಿಸಿದಾಗ ವಿದ್ಯುತ್ತಿನ ಒಂದು ಪಾಲು ಇದರಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ. ಡಬ್ಬಿ ಬಿಸಿಯಾಗುವುದು ಇದರಿಂದಲೇ. ಇದು ಬ್ರೇಕ್ ಹಿಡಿದುಕೊಂಡೇ ಪೆಡಲ್ ತುಳಿದಂತೆ.

2. ಎಲೆಕ್ಟ್ರಾನಿಕ್ ರೆಗ್ಯುಲೇಟರ್: ನಮ್ಮ ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಅಲೆಗಳಂತೆ ಬರುತ್ತದೆ. ಈ ರೆಗ್ಯುಲೇಟರ್ ಪ್ರತಿ ಅಲೆಯ ಒಂದು ಭಾಗವನ್ನು ತಡೆದು ಉಳಿದದ್ದನ್ನು ಮಾತ್ರ ಬಿಡುತ್ತದೆ. ಶಾಖದ ನಷ್ಟ ಬಹಳ ಕಡಿಮೆ. ಆದರೆ ವಿದ್ಯುತ್ ತುಂಡು ತುಂಡಾಗಿ ಬರುವುದರಿಂದ ಮೋಟಾರು ಕಂಪಿಸಿ ‘ಗುಂಯ್’ ಎನ್ನುತ್ತದೆ. ಇದು ಪೆಡಲನ್ನು ಒಮ್ಮೆ ಒದ್ದು, ಒಮ್ಮೆ ಬಿಟ್ಟಂತೆ.

3. ಕೆಪಾಸಿಟರ್ ರೆಗ್ಯುಲೇಟರ್: 1, 2, 3, 4 ಎಂದು ‘ಕಟ್ ಕಟ್’ ಎನ್ನುತ್ತ ಹಂತ ಹಂತವಾಗಿ ತಿರುಗುತ್ತದೆ. ಇದರೊಳಗಿನ ಕೆಪಾಸಿಟರ್‌ಗಳು ಅಲೆಯನ್ನು ತುಂಡರಿಸದೆ ಫ್ಯಾನಿಗೆ ಸಿಗುವ ವೋಲ್ಟೇಜನ್ನು ತಗ್ಗಿಸುತ್ತವೆ. ಶಾಖವೂ ಕಡಿಮೆ, ಸದ್ದೂ ಕಡಿಮೆ. ಇದು ಹಗುರವಾಗಿ, ಒಂದೇ ಸಮನೆ ಪೆಡಲ್ ತುಳಿದಂತೆ.

ಆ ತರಗತಿಯಲ್ಲಿ ಇದ್ದುದು ಎರಡನೆಯ ಬಗೆ. ಅದನ್ನು ತೆಗೆದು ಮೂರನೆಯ ಬಗೆಯದನ್ನು ಹಾಕಿದ ಮೇಲೆ ಆ ಸದ್ದೂ ಹೋಯಿತು.

ಎಷ್ಟು ವಿದ್ಯುತ್ ಬೇಕು?

ಸಾಮಾನ್ಯ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವಾಟ್ ಬಳಸುತ್ತದೆ ಎನ್ನೋಣ. ದಿನಕ್ಕೆ 6 ಗಂಟೆಯಂತೆ 200 ದಿನ ತಿರುಗಿದರೆ 75 × 6 × 200 = 90,000 ವಾಟ್-ಗಂಟೆ. 1000 ವಾಟ್-ಗಂಟೆಗೆ ಒಂದು ಯೂನಿಟ್. ಎಂದರೆ 90 ಯೂನಿಟ್. ಈಗ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನುಗಳು ಬಂದಿವೆ. ಇವುಗಳಲ್ಲಿ ಶಾಶ್ವತ ಅಯಸ್ಕಾಂತಗಳಿದ್ದು, ಸುಮಾರು 30 ವಾಟ್ ಸಾಕು. ಅಷ್ಟೇ ಹೊತ್ತಿಗೆ 36 ಯೂನಿಟ್. ಇವುಗಳ ವೇಗವನ್ನು ಒಳಗಿರುವ ಎಲೆಕ್ಟ್ರಾನಿಕ್ ಮಂಡಲವೇ ನಿಯಂತ್ರಿಸುತ್ತದೆ. ಆದ್ದರಿಂದ ಇವಕ್ಕೆ ಹಳೆಯ ರೆಗ್ಯುಲೇಟರ್ ಜೋಡಿಸಬಾರದು. 2023ರ ಜನವರಿ 1ರಿಂದ ನಮ್ಮ ದೇಶದಲ್ಲಿ ಛಾವಣಿ ಫ್ಯಾನುಗಳಿಗೆ ನಕ್ಷತ್ರಗಳ ಗುರುತಿನ ಚೀಟಿ ಕಡ್ಡಾಯವಾಗಿದೆ. ನಕ್ಷತ್ರಗಳು ಹೆಚ್ಚಿದಷ್ಟೂ ವಿದ್ಯುತ್ ಉಳಿತಾಯ ಹೆಚ್ಚು.

ಇನ್ನೊಂದು ಮಾತು. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ. ನಮ್ಮ ಮೈಯ ಬೆವರು ಬೇಗ ಆವಿಯಾಗುವಂತೆ ಮಾಡುತ್ತದೆ. ಆದ್ದರಿಂದಲೇ ನಮಗೆ ತಂಪೆನಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಗೋಡೆಗೂ ಬೆಂಚಿಗೂ ಏನೂ ಲಾಭವಿಲ್ಲ. ಹೊರಗೆ ಹೋಗುವಾಗ ಸ್ವಿಚ್ ಆರಿಸಿ.

ಎಚ್ಚರಿಕೆ!

• ನೀವು ಮಾಡಬೇಕಾದದ್ದು ನೋಡುವುದು, ಕೇಳುವುದು, ಎಣಿಸುವುದು, ಬರೆಯುವುದು ಮತ್ತು ಹಿರಿಯರಿಗೆ ತಿಳಿಸುವುದು ಮಾತ್ರ. ಬೆಂಚಿನ ಮೇಲೆ ಹತ್ತಿ ಫ್ಯಾನನ್ನು ಮುಟ್ಟಬೇಡಿ.
• ಫ್ಯಾನ್, ಸ್ವಿಚ್ ಬೋರ್ಡ್ ಮತ್ತು ರೆಗ್ಯುಲೇಟರನ್ನು ಎಲೆಕ್ಟ್ರಿಷಿಯನ್ ಮಾತ್ರ ಬಿಚ್ಚಬೇಕು. ಅದೂ ಮೇನ್ ಸ್ವಿಚ್ ಆರಿಸಿದ ಮೇಲೆ.
• ಬಿಚ್ಚಿಟ್ಟ ಕೆಪಾಸಿಟರನ್ನು ಮುಟ್ಟಬೇಡಿ. ವಿದ್ಯುತ್ ಸಂಪರ್ಕ ಇಲ್ಲದಿದ್ದರೂ ಅದರಲ್ಲಿ ಆವೇಶ ಉಳಿದಿರಬಹುದು.
• ಫ್ಯಾನ್ ಓಲಾಡುತ್ತಿದ್ದರೆ ಅದನ್ನು ನಿಲ್ಲಿಸಿ, ಅದರ ಕೆಳಗೆ ಕೂರಬೇಡಿ.
• ತಿರುಗುವ ಫ್ಯಾನಿನ ಮೇಲೆ ಕಾಗದ, ಚೆಂಡು, ಸೀಮೆಸುಣ್ಣ ಎಸೆಯಬೇಡಿ.

ಯೋಚಿಸಿ, ಉತ್ತರಿಸಿ

1. ಸ್ವಿಚ್ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದೇಕೆ?
2. ಒಂದು ಫ್ಯಾನಿನಲ್ಲಿ 15 ಸೆಕೆಂಡಿಗೆ 28 ಸುತ್ತು ಎಣಿಸಿದರೆ, ನಿಮಿಷಕ್ಕೆ ಎಷ್ಟು ಸುತ್ತು?
3. ಒಂದೇ ರೆಕ್ಕೆಯ ಧೂಳನ್ನು ಮಾತ್ರ ಒರೆಸಿದರೆ ಏನಾಗಬಹುದು? ನಿಮ್ಮ ಬುಗುರಿಯನ್ನು ನೆನಪಿಸಿಕೊಳ್ಳಿ.
4. ಸಾಮಾನ್ಯ ಫ್ಯಾನ್ ಬದಲು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 200 ದಿನಗಳಲ್ಲಿ ಎಷ್ಟು ಯೂನಿಟ್ ಉಳಿಯುತ್ತದೆ? ನಿಮ್ಮ ಶಾಲೆಯಲ್ಲಿ ಎಷ್ಟು ಫ್ಯಾನುಗಳಿವೆ? ಒಟ್ಟು ಉಳಿತಾಯವನ್ನು ಲೆಕ್ಕ ಹಾಕಿ.

ಶಿಕ್ಷಕರ ಗಮನಕ್ಕೆ: ಶಾಲೆಯ ಎಲ್ಲ ಫ್ಯಾನುಗಳ ‘ಸದ್ದಿನ ಪಟ್ಟಿ’ಯನ್ನು ಮಕ್ಕಳಿಂದ ಮಾಡಿಸಿ. ಕೋಣೆ, ಸದ್ದಿನ ಬಗೆ, ಸ್ವಿಚ್ ಆರಿಸಿದಾಗ ನಿಂತಿತೇ, ಓಲಾಟ ಇದೆಯೇ ಎಂಬ ನಾಲ್ಕು ಕಲಮುಗಳು ಸಾಕು. ಎಲೆಕ್ಟ್ರಿಷಿಯನ್ ಬಂದಾಗ ಈ ಪಟ್ಟಿಯನ್ನು ಅವರ ಕೈಗೆ ಕೊಡಿ. ಸದ್ದು ಇಲ್ಲದ ಫ್ಯಾನುಗಳ ಬೋಲ್ಟು ಮತ್ತು ಸ್ಪ್ಲಿಟ್ ಪಿನ್ನುಗಳನ್ನೂ ವರ್ಷಕ್ಕೊಮ್ಮೆ, ಶಾಲೆ ಆರಂಭವಾಗುವ ಮೊದಲು ಪರೀಕ್ಷಿಸುವುದು ಒಳ್ಳೆಯದು.

ಈಗ ಆ ತರಗತಿಯಲ್ಲಿ ಫ್ಯಾನೂ ತಿರುಗುತ್ತದೆ, ಪಾಠವೂ ಕೇಳುತ್ತದೆ. ನಾಳೆ ನಿಮ್ಮ ತರಗತಿಯ ಫ್ಯಾನ್ ಹಾಕಿದಾಗ ಒಂದು ನಿಮಿಷ ಎಲ್ಲರೂ ಮೌನವಾಗಿರಿ. ಅದು ಏನು ಹೇಳುತ್ತಿದೆ ಎಂದು ಕಿವಿಗೊಟ್ಟು ಕೇಳಿ.